ಅರಿಷಿಣ ಕುಡಿದ ಮೋಟಾರು

ಮೋಟಾರಿಗೂ ಬೇಳೆಸಾರಿಗೂ ಒಂದೇ ವಾಸನೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ಅವರೊಡನೆ ವಾದಕ್ಕೆ ಇಳಿಯಬೇಡಿ. ಬರುತ್ತದೆ. ಮೊನ್ನೆ ಧಾರವಾಡದ ಪೇಟೆಯ ಏರಿನಲ್ಲಿ ಒಂದು ಹಳೆಯ ಮೋಟಾರು ಬಾನೆಟ್ಟು ತೆರೆದುಕೊಂಡು ನಿಂತಿತ್ತು. ಅದರ ಮೂತಿಯಿಂದ ಹಳದಿ ನೊರೆ ಇಳಿಯುತ್ತಿತ್ತು. ಕಾದ ರಬ್ಬರು, ಕಾದ ಕಬ್ಬಿಣ, ಎಲ್ಲದರ ಮೇಲೆ ಕುದ್ದ ಅರಿಷಿಣದ ಘಾಟು. ನನ್ನ ಜೊತೆಗಿದ್ದ ಗೆಳೆಯ ಮೂಗು ಮುಚ್ಚಿಕೊಂಡು ಮುಂದೆ ಹೋದ. ನಾನು ಅಲ್ಲೇ ನಿಂತೆ. ಎರಡನೆಯ ಮಹಾಯುದ್ಧ ಇನ್ನೂ ಮುಗಿಯದಿದ್ದ ಆ ಬೇಸಿಗೆ, ವಿಜಾಪುರದಲ್ಲಿ ರೇಲ್ವೆ ಹಳಿಯ ಹತ್ತಿರ ಇಬ್ರಾಹಿಂಪುರದಲ್ಲಿದ್ದ ನಮ್ಮ ಗೌರವ್ವತ್ತಿಯ ಅಂಗಳ, ಬೇವಿನ ಗಿಡದ ಕೆಳಗೆ ಹೊಟ್ಟೆ ಬಿಚ್ಚಿಸಿಕೊಂಡು ಕೂತ ಅವಳ ಗಾಡಿ, ಎಲ್ಲ ಒಮ್ಮೆಲೇ ಬಂದವು.

ನೆನಪು ತನಗೆ ಬೇಕಾದ ಹಾಗೆ ಸಾಕ್ಷಿ ಹೇಳುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ; ಇದನ್ನು ಯಾವ ಸಭೆಯಲ್ಲಾದರೂ ಸಮರ್ಥಿಸಲು ಸಿದ್ಧನಿದ್ದೇನೆ. ಆದರೆ ಆ ದಿನ ಸಾಕ್ಷಿ ಹೇಳಿದ್ದು ಮೂಗು. ಅದರ ಪಾಟೀ ಸವಾಲು ಮಾಡುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಗೌರವ್ವತ್ತಿ ನನ್ನ ತಂದೆಯ ತಂಗಿ. ಅವಳ ಗಂಡ, ಊರು ಬಿಟ್ಟು ಹೊರಟಿದ್ದ ಯಾವನೋ ಸಾಹೇಬನಿಂದ ಒಂದು ಅಮೇರಿಕದ ಗಾಡಿ ಕೊಂಡು ಸರ್ವಿಸ್ ಶುರುಮಾಡಿದ್ದ. ವಿಜಾಪುರದಿಂದ ತಿಕೋಟಾ ಮೇಲೆ ಹೊನವಾಡಕ್ಕೆ. ಸಂತೆಯ ದಿನಗಳಲ್ಲಿ ಸಾರವಾಡ, ಬಬಲೇಶ್ವರದ ಮೇಲೆ ನಿಡೋಣಿಗೆ. ಅವನು ಜ್ವರ ಬಂದು ತೀರಿಕೊಂಡ ಮೇಲೆ ಅತ್ತಿ ಗಾಡಿ ಮಾರುತ್ತಾಳೆಂದು ಎಲ್ಲರೂ ತಿಳಿದರು. ಅವಳು ಮಾರಲಿಲ್ಲ. ಡ್ರೈವರ್ ತುಕಾರಾಮನನ್ನು ಉಳಿಸಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ತಾನೇ ಹಿಂದಿನ ಸೀಟಿನಲ್ಲಿ ಕೂತು ಊರೂರು ತಿರುಗಿದಳು. ಆ ಗಾಡಿ ಎಷ್ಟು ಓಡಿತ್ತೆಂದರೆ, ಮೈಲು ತೋರಿಸುವ ಗಡಿಯಾರ ಒಮ್ಮೆ ಪೂರ್ತಿ ತಿರುಗಿ ಸೊನ್ನೆಗೆ ಬಂದು, ಮತ್ತೆ ದೂರ ಹೋಗಿ, ಕೊನೆಗೆ ಬೇಸರಪಟ್ಟು ನಿಂತೇಬಿಟ್ಟಿತ್ತು.

ಕಾಲೇಜಿನ ಪರೀಕ್ಷೆ ಮುಗಿಸಿ ನಾನು ಅತ್ತಿಯ ಮನೆಗೆ ಬಂದಾಗ ಗಾಡಿ ಕುದಿಯುವ ರೋಗ ಹಿಡಿಸಿಕೊಂಡಿತ್ತು. ತಿಕೋಟಾ ಮುಟ್ಟುವುದರೊಳಗೆ ಉಗಿ ಬಿಡುತ್ತಿತ್ತು. ಮಂದಿ ಇಳಿದು ಗಿಡದ ಕೆಳಗೆ ಎಲೆಯಡಿಕೆ ಹಾಕಿ, ಮತ್ತೆ ಹತ್ತಿ, ಮತ್ತೆ ಇಳಿಯುತ್ತಿದ್ದರು. ಹೀಗಿರುವಾಗ ಹೊನವಾಡದಿಂದ ಸಂಗಪ್ಪಮಾವ ಬಂದ. ಅವನು ಅತ್ತಿಯ ಗಂಡನ ಅಣ್ಣ. ದೊಡ್ಡ ಮೀಸೆ, ಒಳ್ಳೆಯ ಮನಸ್ಸು, ತನ್ನ ಮಾತೇ ಕೊನೆಯ ಮಾತೆಂಬ ನಂಬಿಕೆ.

ಆ ಮನೆತನದಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡಬಾರದು. ಹೀಗಾಗಿ ಮಾವ ಹೊರಗೆ ಕಟ್ಟೆಯ ಮೇಲೆ, ಅತ್ತಿ ಬಾಗಿಲ ಹಿಂದೆ, ನಡುವೆ ನಾನು. ಕಾಲೇಜಿನಲ್ಲಿ ಯಾವ ಪಕ್ಷ ಕೊಟ್ಟರೂ ವಾದಿಸಲು ನನ್ನನ್ನು ತಯಾರು ಮಾಡಿದ್ದರು. ಇಲ್ಲಿ ಎರಡೂ ಪಕ್ಷದ ಬಾಯಿ ನಾನೇ ಆದೆ.

"ನಿಮ್ಮತ್ತಿಗೆ ಹೇಳು ಶಂಕರಾ," ಮಾವ ಅಂದ. "ಗಾಡಿ ಮುದುಕ ಆಗೇತಿ. ಸೊಲ್ಲಾಪುರದ ಗುಜರಿಯವ ಕೇಳಾಕತ್ತಾನ. ಕೊಟ್ಟು, ಈ ಖೋಲಿ ಬಿಟ್ಟು, ಹೊನವಾಡಕ್ಕ ಬಂದು ನಮ್ಮ ಸಂಗಾಟ ಇರಲಿ. ಮಂದಿ ನಗಾಕತ್ತಾರ."

ಅತ್ತಿಗೆ ಪ್ರತಿಯೊಂದು ಅಕ್ಷರ ಕೇಳಿಸಿತ್ತು. ಆದರೂ ನಾನು ಒಳಗೆ ತಿರುಗಿ ಅದನ್ನೇ ಹೇಳಬೇಕು.

"ಅವರಿಗೆ ಕೇಳು, ಹೊನವಾಡದಾಗ ನನಗ ಯಾವ ಖೋಲಿ ಐತಿ?" ಅಂದಳು ಒಳಗಿನಿಂದ. "ಹಿತ್ತಲದ್ದು. ಅಲ್ಲಿ ಜೋಳದ ಚೀಲ ಇಡತಾರ. ನಾನೂ ಒಂದು ಚೀಲ ಆಗಿ ಕೂಡಲೇನು? ಇಲ್ಲಿ ಮುಂಜಾನೆ ಎದ್ದರ ನನ್ನ ದಾರಿ ನೋಡಕೋತ ಮಂದಿ ನಿಂತಿರತಾರ. ಅಲ್ಲಿ ನನ್ನ ದಾರಿ ಬೀಸುಕಲ್ಲು ನೋಡತೈತಿ."

ನಾನು ಹೊರಗೆ ತಿರುಗಿ, "ಅತ್ತಿ ವಿಚಾರ ಮಾಡತಾಳಂತ್ರಿ" ಅಂದೆ.

"ಹಂಗ ಅಂದಳೇನು?" ಅಂತ ಮಾವ ನಕ್ಕ. "ಗಾಡಿ ನೆಟ್ಟಗ ಓಡಿದ್ರ ನಾ ಯಾಕ ಬಾಯಿ ಹಾಕಲಿ? ಕುದ್ದು ನಡುದಾರ್ಯಾಗ ನಿಂತ ಗಾಡಿಗೆ ಸರ್ವಿಸ್ ಅಂತಾರೇನು?"

ಇಲ್ಲಿ ನ್ಯಾಯ ಮಾವನ ಕಡೆ ಇತ್ತು. ಒಪ್ಪಲು ಮನಸ್ಸಿಲ್ಲದಿದ್ದರೂ ಒಪ್ಪಬೇಕು. ಅತ್ತಿಯ ಪಾಲಿಗೆ ಆ ಗಾಡಿ ಓಡಿದರೆ ಇಬ್ರಾಹಿಂಪುರದ ಎರಡು ಖೋಲಿ ಮತ್ತು ಅವಳದೇ ಆದ ಒಂದು ಮುಂಜಾನೆ. ಓಡದಿದ್ದರೆ ಹಿತ್ತಲ ಖೋಲಿ. ನಡುವೆ ಇನ್ನೊಂದು ದಾರಿ ಇರಲಿಲ್ಲ.

ಹಾಗಾದರೆ ಗಾಡಿ ಯಾಕೆ ಕುದಿಯುತ್ತದೆ? ಈ ಪ್ರಶ್ನೆಯನ್ನು ನಾನು ಕೈಗೆತ್ತಿಕೊಂಡೆ. ಮೋಟಾರಿನ ಬಗ್ಗೆ ನನಗೆ ತಿಳಿದದ್ದು ಬಹಳ ಕಡಿಮೆ. ಅದು ವಾದ ಮಾಡಲು ಎಂದೂ ಅಡ್ಡಿ ಬಂದಿಲ್ಲ.

ಒಂದು ವಾರ ಗಾಡಿಯಲ್ಲೇ ತಿರುಗಿದಾಗ ಕಂಡದ್ದು ಇದು. ನಮ್ಮ ಕಡೆ ದಾರಿ ನಡೆದು ಬಂದವರಿಗೆ ಮೊದಲು ನೀರು ಕೊಡಬೇಕು. ಮನುಷ್ಯನಿಗೆ, ಎತ್ತಿಗೆ, ಮತ್ತೆ ಈಗ ಮೋಟಾರಿಗೆ. ಉಗಿ ಬಿಡುತ್ತ ಗಾಡಿ ಊರ ಮುಂದೆ ಬಂದು ನಿಂತರೆ ಸಾಕು, ಹೆಣ್ಣುಮಕ್ಕಳು ಕೊಡ ಹೊತ್ತು ಓಡಿ ಬರುತ್ತಿದ್ದರು. "ಪಾಪ, ನೀರಡಿಸಿ ಬಂದೈತಿ" ಅನ್ನುತ್ತ ಸುರಿಯುತ್ತಿದ್ದರು. ಒಬ್ಬ ಮುದುಕಿ ಗಾಡಿಯ ಎರಡು ದೀಪಗಳ ನಡುವೆ ಅದರ ಹಣೆ ಸವರಿದ್ದನ್ನೂ ನೋಡಿದ್ದೇನೆ. ಆ ನೀರು ಎಂಥದ್ದು? ಡೋಣಿ ಹೊಳೆಯ ಬದಿಯ ಸವುಳು ನೀರು. ಬಾಯಿಗೆ ಹಾಕಿದರೆ ಮುಖ ಕಿವುಚಬೇಕು. ಬೇಳೆ ಬೇಯದ ನೀರು. ಊರಿಗೊಂದು ರುಚಿಯ ಉಪ್ಪು ಆ ಗಾಡಿಯ ಹೊಟ್ಟೆಯಲ್ಲಿ ವರ್ಷಗಟ್ಟಲೆ ಕುದ್ದಿತ್ತು.

ಇದರ ಮೇಲೆ ಅತ್ತಿಯ ಅರಿಷಿಣ. ಮುಂದಿನ ಜಾಳಿ, ಎಂದರೆ ರೇಡಿಯೇಟರು, ಎಲ್ಲೋ ಸೋರುತ್ತಿತ್ತು. ಅರಿಷಿಣಪುಡಿ ಹಾಕಿದರೆ ಸೋರುವುದು ನಿಲ್ಲುತ್ತದೆಂದು ತುಕಾರಾಮ ಹೇಳಿದ್ದೇ ತಡ, ಅತ್ತಿ ದಿನಾ ಮುಂಜಾನೆ ಒಂದು ಹಿಡಿ ಹಾಕಲು ಹಿಡಿದಳು.

"ಅರಿಷಿಣ ಹಾಕಿದ ಮ್ಯಾಲೆ ಸೋರೂದು ನಿಂತಿತೋ ಇಲ್ಲೋ?" ಅಂತ ನನ್ನನ್ನೇ ಕೇಳಿದಳು.

"ನಿಂತಿತು."

"ಮತ್ತ ಯಾಕ ಬಡಬಡಸ್ತಿ?"

"ಅತ್ತಿ, ಯಾವುದು ತೂತು, ಯಾವುದು ನೀರಿನ ದಾರಿ ಅಂತ ಅರಿಷಿಣಕ್ಕ ಹ್ಯಾಂಗ ತಿಳೀಬೇಕು? ಎರಡೂ ಮುಚ್ಚತೈತಿ."

"ಗಾಯಕ್ಕ ಹಚ್ಚಿದರ ಗಾಯ ಅಷ್ಟ ಮುಚ್ಚತೈತಿ. ಬಾಯಿ ಮುಚ್ಚತೈತೇನು? ಮುಚ್ಚೂದಿದ್ರ ನಿನಗ ಒಂದು ಸೇರು ತಿನ್ನಸ್ತಿದ್ದೆ."

ತುಕಾರಾಮ ಸ್ಟೇರಿಂಗಿನ ಮೇಲೆ ತಲೆ ಇಟ್ಟು ನಕ್ಕ. ನನಗೆ ಇನ್ನೊಂದು ವಾದ ಹೊಳೆದಿತ್ತು: ಗಂಡ ಹೋದ ಮೇಲೆ ತಾನು ಹಚ್ಚಿಕೊಳ್ಳದ ಅರಿಷಿಣವನ್ನು ಅವಳು ಗಾಡಿಗೆ ಯಾಕೆ ಇಷ್ಟು ಪ್ರೀತಿಯಿಂದ ಬಳಿಯುತ್ತಾಳೆ? ಸಭೆಯಲ್ಲಿ ಇಂಥ ಮಾತಿಗೆ ಚಪ್ಪಾಳೆ ಬೀಳುತ್ತದೆ. ಅವಳು ಮುಚ್ಚಳ ಹಾಕಿ, ಹಳದಿಯಾದ ಅಂಗೈಯನ್ನು ಒಂದು ಗಳಿಗೆ ನೋಡಿ, ಆಮೇಲೆ ತೊಳೆದುಕೊಂಡಳು. ನಾನು ಆ ವಾದ ಬಿಟ್ಟು ಜಾಳಿಗೆ ತಿರುಗಿದೆ.

"ಬಿಚ್ಚಿ ನೋಡೂಣು," ಅಂದೆ. "ಒಳಗ ದಾರಿ ತೆರದಿದ್ರ ನಾ ಸೋತೆ."

ಬಿಚ್ಚಿದೆವು. ಕೆಳಗಿನ ರಬ್ಬರ್ ನಳಿಗೆ ಕಿತ್ತರೆ ನೀರು ಬರಲಿಲ್ಲ. ತುಕಾರಾಮ ತಂತಿ ಹಾಕಿ ತಿವಿದ. ಆಗ ಬಂತು, ನೀರಲ್ಲ, ಹಳದಿ ಮುದ್ದೆ, ಥೇಟ್ ಕಡಲೆಹಿಟ್ಟಿನ ಝುಣಕ.

"ಅಕ್ಕಾರ," ಅಂದ ಅವನು, "ರೊಟ್ಟಿ ತಗೊಂಡ ಬರ್ರಿ."

ಅತ್ತಿ ನಗಲಿಲ್ಲ. ಕುಕ್ಕರಗಾಲಲ್ಲಿ ಕೂತು, ಜಾಳಿಯ ಅಂಚಿಗೆ ಹತ್ತಿದ್ದ ಬಿಳಿಯ ಉಪ್ಪಿನ ಹಕ್ಕಳೆಯನ್ನು ಉಗುರಿನಿಂದ ಎಬ್ಬಿಸಿ ನಾಲಗೆಗೆ ಹಚ್ಚಿಕೊಂಡಳು. "ಸಾರವಾಡದ್ದು," ಅಂದಳು.

"ಅದೆಂಗ ಹೇಳತಿ? ಉಪ್ಪು ಎಲ್ಲಾ ಊರಾಗೂ ಉಪ್ಪೇ."

"ನೆಕ್ಕಿ ನೋಡಿ ವಾದಾ ಮಾಡು."

ನೆಕ್ಕಿದೆ. ನನಗೆ ಬರೀ ಉಪ್ಪು, ಅಷ್ಟೆ. ಅವಳು ಹೇಳಿದ್ದು ಖರೆಯೋ ಸುಳ್ಳೋ ಇಂದಿಗೂ ಗೊತ್ತಿಲ್ಲ. ಸಂಶಯದ ಲಾಭ ಅವಳಿಗೆ ಕೊಟ್ಟಿದ್ದೇನೆ.

ಆಮೇಲೆ ಒಂದೊಂದೇ ಹೊರಗೆ ಬಂದವು. ನಳಿಗೆಗಳು ಸುಟ್ಟ ಬದನೆಕಾಯಿಯ ಹಾಗೆ ಮೆತ್ತಗಾಗಿದ್ದವು. ನೀರು ತಿರುಗಿಸುವ ಪಂಪಿನ ಸಲಾಕೆ ಸವೆದು ಗಲಗಲ ಅನ್ನುತ್ತಿತ್ತು. ಪಂಖಾ ತಿರುಗಿಸುವ ಪಟ್ಟಾ ಬಿರುಕು ಬಿಟ್ಟಿತ್ತು. ತುಕಾರಾಮ ಹೇಳಿದ: "ಅಕ್ಕಾರ, ನಾ ಸೊಲ್ಲಾಪುರದಾಗ ಲಾಟಸಾಹೇಬನ ಗಾಡಿ ರಿಪೇರಿ ಮಾಡಿದವ. ನನ್ನ ಮಾತು ಕೇಳ್ರಿ. ಒಂದು ಬದಲಿ ಮಾಡಿದ್ರ ಇನ್ನೊಂದು ಹೋಗತೈತಿ. ಎಲ್ಲಾ ಬದಲಿ ಆಗಬೇಕು. ಆದ್ರ ಯುದ್ಧ ನಡದೈತಿ. ಹೊಸಾ ಸಾಮಾನು ಈಗ ಜರ್ಮನ್ನರ ಹತ್ರನೂ ಇಲ್ಲ."

"ಹೊಸಾದು ಯಾರು ಕೇಳ್ಯಾರ?" ಅಂದಳು ಅತ್ತಿ. "ಇದಕ್ಕಿಂತ ಕಡಿಮಿ ಮುದಕ ಇದ್ದರ ಸಾಕು."

ಆ ಮೇ ತಿಂಗಳ ಉಳಿದ ದಿನಗಳನ್ನು ನಾನು ಯಾವ ಬಹುಮಾನಕ್ಕೂ ಬದಲಿಸಿಕೊಳ್ಳುವುದಿಲ್ಲ. ಬಿಸಿಲು ಅಂಗಳದ ಫರಸಿಕಲ್ಲನ್ನು ಕಾದ ರೊಟ್ಟಿಹಂಚು ಮಾಡಿತ್ತು. ಮುಂಜಾನೆ ಬೇವಿನ ನೆರಳು ಪಡುವಣಕ್ಕೆ ಇದ್ದಾಗ ಗಾಡಿಯ ಆ ಮಗ್ಗುಲಿಗೆ ಕೆಲಸ, ಮಧ್ಯಾಹ್ನದ ಮೇಲೆ ಈ ಮಗ್ಗುಲಿಗೆ. ಜಾಳಿ ಸೊಲ್ಲಾಪುರದಿಂದ ಬಂತು, ಮೋರೆ ಜಜ್ಜಿಹೋದ ಯಾವುದೋ ಲಾರಿಯದು. ನಮ್ಮ ಗಾಡಿಗಿಂತ ಒಂದು ಗೇಣು ಅಗಲ. ಕಲಾಯಿ ಹಾಕುವವನು ಅದಕ್ಕೆ ಬೆಸುಗೆ ಕೊಟ್ಟು, ಗಾಡಿಗೆ ಸಿಕ್ಕಿಸಲು ಕಬ್ಬಿಣದ ಕಿವಿ ಹಚ್ಚಿದ. ಕೂಡಿಸಿದ ಮೇಲೆ ಗಾಡಿಗೆ ಗದ್ದಕಟ್ಟು ಆಗಿ ಕೆನ್ನೆ ಬಾತಂತೆ ಕಾಣುತ್ತಿತ್ತು. ನಳಿಗೆ ಮತ್ತು ತೊಗಲಿನ ಪಟ್ಟಾ ಹತ್ತಿ ಅರೆಯುವ ಗಿರಣಿಯಿಂದ, ಎಂದರೆ ಜಿನ್ನಿನಿಂದ ಬಂದವು. ಅಲ್ಲಿನ ಮ್ಯಾನೇಜರನ ತಾಯಿಗೆ ಹೊನವಾಡದ ಮಗಳ ಮನೆಗೆ ಹೋಗಬೇಕಿತ್ತು, ಎತ್ತಿನ ಗಾಡಿ ಹತ್ತಲು ಸೊಂಟ ಒಲ್ಲೆ ಅನ್ನುತ್ತಿತ್ತು. ಗಾಡಿ ಗುಣವಾದ ಮೇಲೆ ಹೊನವಾಡದ ಮೊದಲ ಸರ್ವಿಸ್ಸಿನಲ್ಲಿ ಮುಂದಿನ ಸೀಟು ಅವಳಿಗೆ ಎಂದು ಅತ್ತಿ ಮಾತು ಕೊಟ್ಟಳು. ಪಂಪಿಗೆ ಹೊಸ ಸಲಾಕೆ ಕಡೆಸಿ, ನೀರು ಹೊರಬಾರದಂತೆ ಸುತ್ತುವ ಹುರಿಯನ್ನು ಅತ್ತಿ ತಾನೇ ಹತ್ತಿಯಿಂದ ಹೊಸೆದು ಕೊಬ್ಬಿನಲ್ಲಿ ಅದ್ದಿದಳು. ತುಕಾರಾಮ ಸೊಲ್ಲಾಪುರದ ಕತೆ ಹೇಳುತ್ತಿದ್ದ. ಪ್ರತಿಸಲವೂ ಲಾಟಸಾಹೇಬನ ಗಾಡಿಯ ಬಣ್ಣ ಬದಲಾಗುತ್ತಿತ್ತು, ನಾನು ಹಿಡಿದು ಕೇಳಿದರೆ, "ಒಂದ ಗಾಡಿ ಇಟ್ಟರ ಅಂವ ಎಂಥಾ ಲಾಟಸಾಹೇಬೋ?" ಅನ್ನುತ್ತಿದ್ದ. ಹೊಸ ತೊಗಲು ಜಗ್ಗುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ, ತಾನು ಹಚ್ಚಿದ ಪಟ್ಟಾ ಜಗ್ಗಿದರೆ ಮೀಸೆ ಬೋಳಿಸುತ್ತೇನೆ ಅಂದ.

ಸಂಗಪ್ಪಮಾವ ಮತ್ತೆ ಬಂದ. ಕಟ್ಟೆ, ಬಾಗಿಲು, ನಡುವೆ ನಾನು. ಈ ಸಲ ಕರಾರು ಆಯಿತು. ಹೊತ್ತು ಏರಿದ ಮೇಲೆ, ಸೀಟು ತುಂಬ ಮಂದಿ ಹಾಕಿಕೊಂಡು, ನಿಡೋಣಿಗೆ ಹೋಗಿ ಬರಬೇಕು. ಮಾವ ಮುಂದಿನ ಸೀಟಿನಲ್ಲಿ. ಗಾಡಿ ಕುದ್ದರೆ ಗುಜರಿಗೆ. ಕುದಿಯದಿದ್ದರೆ ಮಾರುವ ಮಾತು ಅವನ ಬಾಯಿಂದ ಬರಬಾರದು. ದಾರಿಯಲ್ಲಿ ಊರ ನೀರು ಹಾಕುವಂತಿಲ್ಲ ಎಂಬುದನ್ನು ನಾನು ಸೇರಿಸಿದೆ. ಊರಿನ ದೊಡ್ಡ ಬಾವಿ ತಾಜ ಬಾವಡಿಯ ಸೀನೀರನ್ನೇ ಒಳಗೆ ತುಂಬಿದೆವು. ಅರಿಷಿಣದ ಡಬ್ಬಿ ಅಡಿಗೆಮನೆಗೆ ಹೋಯಿತು.

ಸಾರವಾಡದಲ್ಲಿ ಗಾಡಿ ಉಗಿ ಇಲ್ಲದೆ ನಿಂತದ್ದು ಯಾರ ಲಕ್ಷ್ಯಕ್ಕೂ ಬರಲಿಲ್ಲ. ರೂಢಿಯಂತೆ ಕೊಡಗಳು ಬಂದವು.

"ಬ್ಯಾಡ್ರವ್ವಾ," ಅಂದೆ. "ಈ ನೀರಿನಾಗ ಉಪ್ಪಿನ ಅಂಶ ಐತಿ. ಇದರಿಂದ ಜಾಳಿ ಕೆಡತೈತಿ."

ಮುಂದಿದ್ದ ಹೆಣ್ಣುಮಗಳ ಮೋರೆ ಇಳಿಯಿತು. "ಇಷ್ಟು ವರ್ಷ ನಡೀತು. ಈಗ ನಮ್ಮೂರ ನೀರು ಹೊಲಸಾತೇನ್ರಿ?"

ನನ್ನ ಹತ್ತಿರ ಉತ್ತರವಿತ್ತು, ಆಧಾರಸಹಿತ. ಹೇಳಲು ಅತ್ತಿ ಬಿಡಲಿಲ್ಲ. ಕೆಳಗಿಳಿದು ಬೊಗಸೆ ಒಡ್ಡಿದಳು. "ಗಾಡಿ ಹೊಟ್ಟಿ ತುಂಬಿಸಿಕೊಂಡು ಬಂದೈತಿ, ಯವ್ವಾ. ಇವತ್ತ ನಮಗ ಹಾಕು. ನಾವು ಒಣಗಾಕತ್ತೇವಿ." ಕುಡಿದು ಮುಖ ಸೆರಗಿನಲ್ಲಿ ಒರೆಸಿಕೊಂಡಳು, ಸೆರಗಿನ ಮರೆಯಲ್ಲಿ ಆ ಮುಖ ಹೇಗಿತ್ತೋ ನಾನು ಊಹಿಸಬಲ್ಲೆ. ಆಮೇಲೆ ತುಕಾರಾಮ ಕುಡಿದ. ಆಮೇಲೆ ಕೊಡ ಮುಂದಿನ ಸೀಟಿಗೆ ಬಂತು. ಅಲ್ಲಿ ರುಮಾಲು ಸುತ್ತಿ ಕೂತ ಹಿರಿಯರಿಗೆ ನೀರು ಸ್ವಲ್ಪ ಕೊಡುತ್ತಾರೆಯೆ? ಮಾವ ತುಂಬು ತಂಬಿಗೆ ಕುಡಿದ. ಬಬಲೇಶ್ವರದಲ್ಲೂ ಅದೇ. ನಿಡೋಣಿಯಲ್ಲಿ ಮುದುಕಿಯೊಬ್ಬಳು, "ಇನ್ನೊಂದೀಟು ಕುಡಿಯೋ ಯಪ್ಪಾ, ಬಿಸಲೈತಿ" ಅಂತ ಮಾವನ ಎದೆಗೆ ತಂಬಿಗೆ ಹಿಡಿದು ನಿಂತಳು. ಗಾಡಿ ಮಾತ್ರ ಏನೂ ಕೇಳಲಿಲ್ಲ.

ತಿರುಗಿ ಬರುವಾಗ, ಬಬಲೇಶ್ವರ ದಾಟಿ ಎರೆಹೊಲಗಳ ನಡುವಿನ ಬಯಲಲ್ಲಿ, ಬಾನೆಟ್ಟಿನ ಸಂದಿಯಿಂದ ಉಗಿಯಂಥ ಬೂದು ಬಣ್ಣದ್ದೊಂದು ಎಳೆ ಎದ್ದಿತು. ತುಕಾರಾಮ ನಿಲ್ಲಿಸಿದ. ಅತ್ತಿಯ ಮೋರೆ ನೋಡಲು ನನಗೆ ಧೈರ್ಯವಾಗಲಿಲ್ಲ.

"ಮುಗೀತು," ಅಂತ ಮಾವ ಇಳಿದ. ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ನನಗೆ ಹಾಗೆ ಕೇಳಿಸಿತು. "ನೋಡೇ ಬಿಡೂಣು." ಮುಂದೆ ಹೋಗಿ ಜಾಳಿಯ ಮುಚ್ಚಳಕ್ಕೆ ಕೈ ಹಾಕಿದ.

ಹಿಂದಿನ ಬಾಗಿಲು ತೆರೆದದ್ದು ನನಗೆ ಕೇಳಲಿಲ್ಲ. ಅತ್ತಿ ಅವನ ಎದುರಿಗೇ ಇದ್ದಳು. ಸೆರಗು ಹೆಗಲಿಗೆ ಜಾರಿತ್ತು. ಅವನ ಮುಂಗೈ ಹಿಡಿದು ಆಚೆ ಜಗ್ಗಿದ್ದಳು.

"ಭಾವನೋರ, ಕೈ ತಗೀರಿ. ಬಿಸಿ ಇದ್ದಾಗ ತಗದ್ರ ಮೋರಿ ಸುಡತೈತಿ. ಕಣ್ಣು ಹೋಗತಾವ."

ಮಾವ ತನ್ನ ಮುಂಗೈ ನೋಡಿದ. ಅವಳನ್ನು ನೋಡಿದ. ಆ ಮನೆಗೆ ಅವಳು ಸೊಸೆಯಾಗಿ ಬಂದಾಗಿನಿಂದ ಅವಳ ಮಾತು ನನ್ನಂಥ ಯಾರದೋ ಬಾಯಿ ದಾಟದೆ ಅವನ ಎದುರು ಬಂದಿರಲಿಲ್ಲ. ಅವಳು ಕೈ ಬಿಟ್ಟಳು. ಸೆರಗನ್ನು ತಲೆಗೆ ಎಳೆದುಕೊಂಡಳು. ಆದರೆ ಹಿಂದೆ ಸರಿಯಲಿಲ್ಲ.

"ಎಷ್ಟೊತ್ತು ಕಾಯಬೇಕು?" ಅಂದ ಅವನು. ಕೇಳಿದ್ದು ನನ್ನನ್ನಲ್ಲ.

"ರೊಟ್ಟಿ ತಿನ್ನೂವಷ್ಟು ಹೊತ್ತು."

ಜಾಲಿಗಿಡದ ಚೂರು ನೆರಳಲ್ಲಿ ಗಂಟು ಬಿಚ್ಚಿ ರೊಟ್ಟಿ, ಶೇಂಗಾಹಿಂಡಿ ಚಟ್ನಿ ತಿಂದೆವು. ಸೀಟಿನ ಮಂದಿಯೂ ಕೂತರು. ತುಕಾರಾಮ ಆ ಹೊತ್ತಿನಲ್ಲಿ ಗಾಡಿಯ ಮಗ್ಗುಲು ಬಿಚ್ಚಿ ಮೂಗು ತೂರಿಸಿದ. ತೊಗಲು ಸುಟ್ಟ ವಾಸನೆ. ಪಟ್ಟಾ ಜಗ್ಗಿ ಸಡಿಲಾಗಿ ಜಾರುತ್ತಿತ್ತು, ಹೊಗೆ ಅದರದು. ಡೈನಮೋ ಸರಿಸಿ ಬಿಗಿ ಮಾಡಿದ. ನಾನು ಅವನ ಮೀಸೆ ನೋಡಿದೆ. "ಮದಲ ಹೇಳಬಾರದೇನ್ರಿ, ಇದು ಎಮ್ಮಿ ತೊಗಲು ಅಂತ," ಅಂದ.

"ಈಗ ತಗೀರಿ," ಅಂದಳು ಅತ್ತಿ ಭಾವನಿಗೆ.

ಅವನು ಧೋತರದ ಚುಂಗು ಕೈಗೆ ಸುತ್ತಿಕೊಂಡು ಮುಚ್ಚಳ ತಿರುವಿದ. ಏನೂ ಹಾರಲಿಲ್ಲ. ನೀರು ಕಂಠದ ಮಟ್ಟಕ್ಕೆ ಇತ್ತು, ತುಂಬಿದಷ್ಟೇ. ಮಾವ ಬಗ್ಗಿ ನೋಡಿದ. ಒಂದು ಬೆರಳು ಅದ್ದಿ ಚೀಪಿದ.

"ಸೀ ಐತಿ," ಅಂದ. ಆಮೇಲೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಒಳ್ಳೇ ನೀರೆಲ್ಲಾ ಇದಕ್ಕ ಹಾಕಿ, ಸವುಳೆಲ್ಲಾ ನನಗ ಕುಡಿಸಿರಿ."

ಸೀಟಿನ ಮಂದಿ ನಕ್ಕರು. ಅತ್ತಿಯೂ ನಕ್ಕಳು, ಸೆರಗಿನೊಳಗೆ.

ವಿಜಾಪುರಕ್ಕೆ ಬಂದು ಮುಟ್ಟಿದಾಗ ಗೋಳಗುಮ್ಮಟದ ಮೇಲೆ ಇನ್ನೂ ಬಿಸಿಲಿತ್ತು. ನನಗೆ ತೀರ್ಪು ಬೇಕಾಗಿತ್ತು. ವಾದ ಎಂದ ಮೇಲೆ ಯಾರಾದರೂ ಎದ್ದು ನಿಂತು ಗೆದ್ದವರ ಹೆಸರು ಹೇಳಬೇಡವೆ? "ಮತ್ತ ಏನಂತೀರಿ, ಮಾವ?" ಅಂದೆ. "ನೀ ಸುಮ್ಮ ಊಟಾ ಮಾಡಿ ಮಕ್ಕೋ," ಅಂದ. ಅತ್ತಿ ಒಲೆ ಊದುತ್ತಿದ್ದವಳು ಒಂದು ಗಳಿಗೆ ನಿಲ್ಲಿಸಿ, ಮತ್ತೆ ಊದಿದಳು.

ಮರುದಿನ ಮುಂಜಾನೆ ಹೊನವಾಡದ ಸರ್ವಿಸ್. ಜಿನ್ನಿನ ಮ್ಯಾನೇಜರನ ತಾಯಿ ಇನ್ನೂ ಬಂದಿರಲಿಲ್ಲ. ಹೊಲಕ್ಕೆ ಹೋಗುವ ಅವಸರದಲ್ಲಿ ಸಂಗಪ್ಪಮಾವ ಎಲ್ಲರಿಗಿಂತ ಮೊದಲು ಬಂದು, ಯಾವಾಗಲೂ ಕೂಡುವ ಮುಂದಿನ ಸೀಟಿನಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಆ ಮುದುಕಿ ಸೊಂಟ ಹಿಡಿದುಕೊಂಡು ಬಂದಳು. ನಾನು ಬಾಯಿ ತೆರೆದೆ. ಇಂಥ ಬಿಕ್ಕಟ್ಟನ್ನು ಎರಡೂ ಕಡೆಗೆ ದಾಟಿಸುವುದು ನನ್ನ ಕೆಲಸವಾಗಿತ್ತಲ್ಲ.

"ಭಾವನೋರ, ಅದು ಇವರ ಜಾಗಾ," ಅಂದಳು ಅತ್ತಿ, ರಸ್ತೆಯ ಮೇಲೆ, ಎಲ್ಲರ ಮುಂದೆ. "ನೀವು ಹಿಂದ ಕೂಡ್ರಿ."

ಮಾವ ಅವಳನ್ನು ನೋಡಿದ. ರುಮಾಲು ಸರಿಮಾಡಿಕೊಂಡು ಇಳಿದ. ಹಿಂದೆ, ಮೆಣಸಿನಕಾಯಿ ಚೀಲ ಹಿಡಿದ ತಿಕೋಟಾದವನೊಬ್ಬನ ಪಕ್ಕದಲ್ಲಿ ಮೊಣಕಾಲು ಮಡಚಿ ತೂರಿಕೊಂಡ. ಆ ಮನುಷ್ಯ ಚೀಲ ಸರಿಸುತ್ತ ಗೊಣಗಿದ: "ಇಲ್ಲೆ ಎಲ್ಲಿ ಜಾಗಾ ಐತ್ರೀ, ಹಿರ್ಯಾರ? ಮುಂದ ಕೂಡಬಾರದಾ?"

"ಏನ ಮಾಡೂದು, ತಮ್ಮಾ," ಅಂದ ಸಂಗಪ್ಪಮಾವ, ಚೀಲದ ಅರ್ಧ ಭಾರ ತನ್ನ ತೊಡೆಯ ಮೇಲೆ ಎಳೆದುಕೊಂಡು. "ಮಾಲಕ್ರು ಇಲ್ಲೇ ಕೂಡು ಅಂದಾರ."